ಅಳಿಸದೆ ಗೆರೆ ಎಳೆದವರು

ಅವರ ಹಿಮ್ಮಡಿಗಳು ಒಡೆದಿದ್ದವು. ಆ ಸೀಳುಗಳಲ್ಲಿ ಸದಾ ಬಿಳಿ ಪುಡಿ ಕೂತಿರುತ್ತಿತ್ತು. ಮೊದಲ ಸಲ ನೋಡಿದಾಗ ಸುಣ್ಣವೇನೋ ಅಂದುಕೊಂಡೆ. ಸುಣ್ಣವಲ್ಲ, ಉಪ್ಪು. ಕಾಲುವೆ ನೀರು ಹೆಚ್ಚಾಗಿ ಸವಳಾದ ಹೊಲಗಳಲ್ಲಿ ಬೇಸಿಗೆಗೆ ನೆಲದ ಮೇಲೆ ಬೆಳ್ಳಗೆ ಉಕ್ಕಿ ಬರುತ್ತದಲ್ಲ, ಆ ಉಪ್ಪು. ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಬರಿಗಾಲಲ್ಲಿ ಹೊಲಕ್ಕೆ ಇಳಿಯುವರು. ನಾಲ್ಕು ಹೆಜ್ಜೆ ಹಾಕಿ, ಬಗ್ಗಿ, ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಹಚ್ಚಿಕೊಳ್ಳುವರು. ಆಮೇಲೆ ಪಕ್ಕಕ್ಕೆ ಉಗಿದು ಹೇಳುವರು: "ಉಪ್ಪು ಕಮ್ಮಿ ಅದ, ಸೋಡಾ ಜಾಸ್ತಿ ಅದ. ಸಾಬೂನ ನೆಕ್ಕಿದಂಗ ಆಗ್ತದ ನೋಡು." ಅದೇ ಮಣ್ಣನ್ನು ಒಯ್ದು ಪ್ರಯೋಗಾಲಯದ ಯಂತ್ರಕ್ಕೆ ಹಾಕಿದರೆ ಯಂತ್ರವೂ ಅದನ್ನೇ ಹೇಳುತ್ತಿತ್ತು.

'ಮಣ್ಣು ನೆಕ್ಕುವ ಸರ್' ಎಂದು ಅವರ ಬೆನ್ನ ಹಿಂದೆ ನಾವು ಕಿರಿಯರೆಲ್ಲ ನಗುತ್ತಿದ್ದೆವು. ಹೌದು, ನಾನೂ ನಕ್ಕಿದ್ದೇನೆ. ಈ ಬರಹದಲ್ಲಿ ಬೇರೆಯವರಿಗೆ ಬೈಯುವುದು ಬಹಳ ಇದೆ, ಅದಕ್ಕೇ ನನ್ನ ಪಾಲಿನದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಶಹಾಪುರದವಳು. ಅಪ್ಪ ನೀರಾವರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮನೆಯ ನಡುಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ನನ್ನ ಡಾಕ್ಟರೇಟಿನ ಸರ್ಟಿಫಿಕೇಟು. ನಮ್ಮ ಬಳಗದಲ್ಲಿ ಅಷ್ಟು ಓದಿದವರು ನನಗಿಂತ ಮುಂಚೆ ಯಾರೂ ಇರಲಿಲ್ಲ. ಮಣ್ಣಿನ ವಿಜ್ಞಾನಿ ಎಂದು ಕೆಲಸಕ್ಕೆ ಸೇರಿದ್ದು ಒಂದು ದೊಡ್ಡ ಸಂಶೋಧನಾ ಸಂಸ್ಥೆಗೆ. ಅದರ ಹೆಸರು ಬೇಡ, ಅದು ಈ ಜಿಲ್ಲೆಯದೂ ಅಲ್ಲ. ನಮ್ಮ ಕಡೆ ಅದರದೊಂದು ಸಣ್ಣ ಶಾಖೆ ಇತ್ತು, ಅಷ್ಟೇ. ಸರ್ ಅಲ್ಲಿ ನನಗಿಂತ ಮೂವತ್ತು ವರ್ಷ ಹಿರಿಯರು. ಸುರಪುರದವರು. ಸೇರಿದಾಗ ಇದ್ದ ಹುದ್ದೆಗಿಂತ ಒಂದೇ ಒಂದು ಮೆಟ್ಟಿಲು ಮೇಲೆ ಹತ್ತಿ ನಿವೃತ್ತರಾದರು. ಕಾರಣ ಇಷ್ಟೇ: ಅವರು ಪ್ರಬಂಧಗಳನ್ನು ಬರೆಯಲಿಲ್ಲ, ಗೋಡೆಗಳ ಮೇಲೆ ಬರೆದರು.

ಅದು ಅವರು ತಾವೇ ಮಾಡಿಕೊಂಡ ಪದ್ಧತಿ. ಪ್ರತಿ ವರ್ಷ ಮುಂಗಾರಿನ ಮಿರಗದ ಮಳೆಗೆ ಮುಂಚೆ ಏಳೆಂಟು ಊರು ಸುತ್ತುವರು. ಕೈಯಲ್ಲಿ ಗಂಟು ಹಾಕಿದ ಹಗ್ಗ, ಅದರ ತುದಿಗೆ ಕಬ್ಬಿಣದ ಗುಂಡು. ಊರ ಬಾವಿಗೆ ಅದನ್ನು ಇಳಿಸಿ, ನೀರು ನೆಲಕ್ಕೆ ಎಷ್ಟು ಹತ್ತಿರ ಬಂದಿದೆ ಎಂದು ನೋಡುವರು. ಬಾವಿಯಲ್ಲಿ ನೀರು ಮೇಲೆ ಬಂದರೆ ಎಲ್ಲ ಕಡೆ ಜನ ಖುಷಿಪಡುತ್ತಾರೆ. ಕಾಲುವೆಯ ಊರುಗಳಲ್ಲಿ ಹಾಗಲ್ಲ, ನೀರು ಮೇಲೆ ಬಂದಷ್ಟೂ ಉಪ್ಪು ಮೇಲೆ ಬರುತ್ತದೆ. ನೋಡಿದ್ದನ್ನು ಊರ ನಡುವಿನ ಒಂದು ಗೋಡೆಯ ಮೇಲೆ ಕೆಮ್ಮಣ್ಣು ಕಲಸಿ ದೊಡ್ಡ ಅಕ್ಷರದಲ್ಲಿ ಬರೆಯುವರು. ಕೊಂಕಲ್‌ನಲ್ಲಿ ಅದು ದಾರಿಯ ಪಕ್ಕ ಇದ್ದ ಒಬ್ಬ ಮುದುಕಿಯ ಮನೆಯ ಗೋಡೆ. ಆಕೆಯನ್ನು ನಾವೆಲ್ಲ ಆಯಿ ಎಂದೇ ಕರೆಯುತ್ತಿದ್ದೆವು. ಗೋಡೆಯ ಬರಹ ಹೀಗಿರುತ್ತಿತ್ತು: 'ಬಾವಿ ನೀರು ನೆಲದಿಂದ ನಾಲ್ಕು ಮೊಳ. ಹೋದ ವರ್ಷ ಆರು ಇತ್ತು. ತಗ್ಗಿನ ಹೊಲಕ್ಕೆ ಈ ಸಲ ಭತ್ತ ಬ್ಯಾಡ. ಮೊದಲು ನೀರು ಹೊರಗ ಹೋಗಾಕ ಬಸಿಗಾಲುವೆ ತೋಡ್ರಿ.' ಕೆಳಗೆ ಸಹಿ. ಸಹಿಯ ಕೆಳಗೆ ಒಂದು ಗೇಣು ಜಾಗ ಖಾಲಿ.

ಆ ಖಾಲಿ ಜಾಗ ಯಾಕೆ ಎಂದು ಒಮ್ಮೆ ಕೇಳಿದೆ. ಪಕ್ಕದ ಹಳೆಯ ಬರಹವನ್ನು ತೋರಿಸಿದರು. 'ಎಲ್ಲಾರೂ ಜಿಪ್ಸಮ್ ಹಾಕ್ರಿ' ಎಂದು ಬರೆದ ಸಾಲಿನ ಮೇಲೆ ಅಡ್ಡ ಗೆರೆ ಇತ್ತು. ಕೆಳಗಿನ ಗೇಣು ಜಾಗದಲ್ಲಿ ಅವರದೇ ಕೈಬರಹ: 'ಇದು ತಪ್ಪಾಗಿತ್ತು. ಜಿಪ್ಸಮ್ ಸೋಡಾ ಮಣ್ಣಿಗೆ ಅಷ್ಟೇ. ಹಾಕಿದವರು ನನಗ ಬೈರಿ.'

"ಸುಣ್ಣ ಬಳಿದು ಅಳಿಸಿಬಿಡಬಹುದಿತ್ತಲ್ರಿ ಸರ್?" ಎಂದೆ.

"ಅಳಿಸಿದ್ರ ಹೊಸದಾಗಿ ಓದಾವಂಗ ಸರಿ ಗೊತ್ತಾಗ್ತದ ತಂಗಿ. ಹಳೇದು ನಂಬಿ ಮನಿಗಿ ಹೋಗ್ಯಾನಲ್ಲ, ಅವಂಗ ಯಾರು ಹೇಳ್ತಾರ? ಅವ ತಿರುಗಿ ಬಂದು ನೋಡಿದ್ರ ತಾನು ನಂಬಿದ ಮಾತು ಅಲ್ಲೇ ಇರಬೇಕು, ಅದರ ಮ್ಯಾಲ ಗೆರಿನೂ ಇರಬೇಕು. ಆ ಗೇಣು ಜಾಗ ನಂದಲ್ಲ, ನನ್ನ ತಪ್ಪಿಂದು. ಮೊದಲ ಬಿಟ್ಟಿರಬೇಕು."

ಇಂಥ ಮನುಷ್ಯ ಕೂತು ಎದ್ದ ಕಚೇರಿಯಲ್ಲಿ ನಾವು ಏನು ಮಾಡುತ್ತಿದ್ದೆವು? ಹೇಳಲಿಕ್ಕೆ ಹೇಸಿಗೆಯಾಗುತ್ತದೆ, ಆದರೂ ಹೇಳುತ್ತೇನೆ. ನಮ್ಮ ಮುಖ್ಯಸ್ಥರು ಒಂದು ವಾಟ್ಸಾಪ್ ಗುಂಪು ಮಾಡಿದ್ದರು. ಬೆಳಿಗ್ಗೆ ಹತ್ತಕ್ಕೆ ಅದರಲ್ಲಿ ಅಪ್ಪಣೆ ಬರುತ್ತಿತ್ತು: ಇಂಥವರ ಪ್ರಬಂಧ ಪ್ರಕಟವಾಗಿದೆ, ಎಲ್ಲರೂ ಕೂಡಲೇ ಲೈಕ್ ಒತ್ತಿ, ಹಂಚಿ, 'ಅದ್ಭುತ' ಎಂದು ಬರೆಯಿರಿ. ಓದಿ ಎಂದು ಒಂದು ದಿನವೂ ಬರಲಿಲ್ಲ. ನಾವು ಒತ್ತುತ್ತಿದ್ದೆವು. ಚಹಾ ಕುಡಿಯುತ್ತಾ ಒತ್ತುತ್ತಿದ್ದೆವು, ಬಸ್ಸಿನಲ್ಲಿ ನಿಂತು ಒತ್ತುತ್ತಿದ್ದೆವು. ಅತ್ತೂ ಕರೆದೂ ಔತಣ ಹೇಳಿಸಿಕೊಂಡ ಹಾಗೆ, ಕಚೇರಿಯವರು 'ಪ್ರಭಾವ' ಎನ್ನುವ ಈ ಲೆಕ್ಕ. ಇನ್ನು ಉಲ್ಲೇಖಗಳ ಕಥೆ. ಒಬ್ಬರ ಪ್ರಬಂಧವನ್ನು ಬೇರೆಯವರು ತಮ್ಮ ಪ್ರಬಂಧದ ಕೊನೆಗೆ ಎಷ್ಟು ಸಲ ಹೆಸರಿಸಿದರೋ ಅಷ್ಟು ಆತನ ತೂಕ. ಹಾಗಾಗಿ ನೀನು ನನ್ನದನ್ನು ಹೆಸರಿಸು, ನಾನು ನಿನ್ನದನ್ನು. ಮದುವೆಯಲ್ಲಿ ಮುಯ್ಯಿ ಮಾಡಿದವರಿಗೆ ತಿರುಗಿ ಮುಯ್ಯಿ ಮಾಡುತ್ತೇವಲ್ಲ, ಅದೇ. ಮುಯ್ಯಿಯಲ್ಲಾದರೂ ಒಂದು ಕುಬಸ, ಒಂದು ಪಾತ್ರೆ ಕೈಗೆ ಬರುತ್ತದೆ. ಒಬ್ಬ ಮಹಾಶಯ ತನ್ನ ಪ್ರಯೋಗದ ತೊಗರಿಯ ಫೋಟೋಕ್ಕೆಂದು ಪಕ್ಕದ ಹೊಲದ ಚಲೋ ಗಿಡಗಳನ್ನು ಕೀಳಿಸಿ, ಬೇರೆ ರೈತನ ಕೈಗೆ ಕೊಟ್ಟು, ನಗು ಅಂದ. ಪಾಪ, ಆತ ನಕ್ಕ. ಆ ಫೋಟೋ ದೇಶವೆಲ್ಲ ಸುತ್ತಿತು. ಥೂ!

ತಿಂಗಳಿಗೊಮ್ಮೆ ಸಭೆಯಲ್ಲಿ ಪರದೆಯ ಮೇಲೆ ಎಲ್ಲರ ಅಂಕಿಗಳು ಬರುತ್ತಿದ್ದವು. ಸರ್ ಹೆಸರಿನ ಮುಂದೆ ಯಾವಾಗಲೂ ಸೊನ್ನೆ. ಮುಖ್ಯಸ್ಥರು ತೆಂಕಣದವರು. "ಏನ್ ಸಾರ್, ಈ ತಿಂಗಳೂ ನಿಮ್ದು ಖಾತೆ ತೆರೀಲಿಲ್ವಲ್ಲ?" ಎಂದು ನಗುತ್ತಿದ್ದರು. ಸರ್ ತಮ್ಮ ಗುಂಡಿ ಒತ್ತುವ ಹಳೆಯ ಫೋನನ್ನು ಅಂಗಿಯ ಕಿಸೆಯಿಂದ ತೆಗೆದು ತೋರಿಸಿ, "ಇದ್ರಾಗ ಅವೆಲ್ಲ ಬರಂಗಿಲ್ರಿ ಸಾಹೇಬ್ರ. ಬಂದ್ರೂ ನನಗ ಒತ್ತಾಕ ಬರಂಗಿಲ್ಲ," ಎಂದು ಮತ್ತೆ ಕಿಸೆಗೆ ಹಾಕಿಕೊಳ್ಳುವರು. ಕಿಸೆಯಲ್ಲಿ ಫೋನಿನ ಜೊತೆ ಮಣ್ಣಿನ ಪೊಟ್ಟಣಗಳಿರುತ್ತಿದ್ದವು. ಸಭೆ ಮುಗಿದ ಮೇಲೆ ಅವರು ಕೂತ ಕುರ್ಚಿಯ ಕೆಳಗೆ ಒಂದಿಷ್ಟು ಕರಿಮಣ್ಣು ಉದುರಿರುತ್ತಿತ್ತು, ಕಸ ಗುಡಿಸುವಾಕೆ ಪ್ರತಿ ಸಲ ಬೈಯುತ್ತಿದ್ದಳು.

ತಮ್ಮ ಪ್ರಭಾವ ಅಳೆಯುವ ಅಳತೆ ಅವರಲ್ಲೂ ಒಂದಿತ್ತು. ಅದು ನನಗೆ ಗೊತ್ತಾದದ್ದು ಶಹಾಪುರದ ದಾರಿಯ ಒಂದು ಚಹಾದಂಗಡಿಯಲ್ಲಿ. ಬಸ್ಸು ಕೆಟ್ಟು ನಿಂತಿತ್ತು. ಸರ್ ಕಪ್ಪಿನಿಂದ ಬಸಿಗೆ ಚಹಾ ಸುರುವಿ ಊದುತ್ತಾ ಕೂತಿದ್ದರು. ಎದುರಿಗೆ ನಲವತ್ತರ ಒಬ್ಬ ರೈತ ಮಂಡಕ್ಕಿ ಸುಸಲಾ ತಿನ್ನುತ್ತಿದ್ದ. ಸರ್ ಏನೂ ಅರಿಯದವರ ಹಾಗೆ, "ಸವಳು ಹೊಲಕ್ಕ ಏನ ಮಾಡಬೇಕೋಪಾ?" ಎಂದು ಕೇಳಿದರು.

ಆತ ತಟ್ಟೆ ಪಕ್ಕಕ್ಕಿಟ್ಟು ಪಾಠವನ್ನೇ ಶುರುಮಾಡಿದ. "ನಿಮ್ಮ ಹೊಲಾನೂ ಕೆಟ್ಟದೇನ್ರಿ ಯಜಮಾನ್ರ? ಕೇಳ್ರಿ ಹಂಗಾರ. ಮೊದಲ ನೀರು ಹೊರಗ ಹಾಕ್ರಿ, ಆಮ್ಯಾಲ ಔಷಧದ ಮಾತು. ಮನ್ಯಾಗ ನೀರು ಹೊಕ್ಕದ ಅಂದ್ರ ಮೊದಲ ನೀರು ಬಳೀತೀರೋ, ಗ್ವಾಡಿಗಿ ಸುಣ್ಣ ಬಳೀತೀರೋ?"

ನನಗೆ ನಗು ತಡೆಯಲಿಲ್ಲ. ಆ ನೀರು-ಸುಣ್ಣದ ಮಾತು ಸರ್ ಅವರದೇ, ನೂರು ಸಲ ಕೇಳಿದ್ದೆ. ಬಾಯಿ ತೆರೆಯುವುದರೊಳಗೆ ಸರ್ ಕಣ್ಣಲ್ಲೇ ಗದರಿದರು. "ಚಲೋ ಮಾತು ಹೇಳಿದಿ. ಯಾರು ಹೇಳಿಕೊಟ್ರು ಇದನ್ನ?" ಎಂದರು.

"ಯಾರು ಹೇಳಿಕೊಡೋದ್ರಿ? ನಮ್ಮಪ್ಪನ ಕಾಲದಿಂದ ಹಿಂಗೇ ಮಾಡ್ಕೋತ ಬಂದೀವಿ," ಎಂದ ಆತ.

ಬಸ್ಸು ಹತ್ತಿದ ಮೇಲೆ ಸರ್ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಕೇಳಿದೇನು? ಅವರಪ್ಪನ ಕಾಲ್ದಾಗ ಕಾಲಿವಿನೇ ಇದ್ದಿಲ್ಲ, ಸವಳು ಎಲ್ಲಿಂದ ಬರಬೇಕು! ನನ್ನ ಹೆಸರು ಹೋಗ್ಯದ, ಮಾತು ಉಳದದ. ಇದಕ್ಕಿಂತ ದೊಡ್ಡ ಪಗಾರ ಯಾವನು ಕೊಡ್ತಾನ?"

ಅವರು ನಿವೃತ್ತರಾಗಿ ಸುರಪುರದ ಮನೆಗೆ ಹೋದ ಮೇಲೆ ನಾನು ನನ್ನ ದೊಡ್ಡ ಪ್ರಬಂಧ ಬರೆದೆ. ಸವಳು ಮಣ್ಣನ್ನು ತಿದ್ದುವ ಒಂದು ಸೂಕ್ಷ್ಮಜೀವಿ ದ್ರಾವಣ. ಕೊಂಕಲ್‌ನ ಆಯಿಯ ಹೊಲದಲ್ಲೇ ನಾಲ್ಕು ಮಡಿ ಮಾಡಿದ್ದೆ. ಎರಡಕ್ಕೆ ದ್ರಾವಣ ಹಾಕಿದೆ, ಎರಡಕ್ಕೆ ಹಾಕಲಿಲ್ಲ. ಹಾಕಿದ ಮಡಿಗಳಲ್ಲಿ ಪೈರು ಹಸಿರಾಗಿ ಎದ್ದು ನಿಂತಿತು. ಹಾಕದ ಮಡಿಗಳಲ್ಲಿ ಬೆಳ್ಳಗೆ ಬೋಳು. ನನಗೆ ನೆಲವೇ ಕಾಣದಾಯಿತು. ಒಂದೇ ಹೊಲ, ಒಂದೇ ಹಂಗಾಮು. ಇನ್ನೊಂದೆರಡು ಊರಲ್ಲಿ ಮಾಡಿ ನೋಡಬೇಕಿತ್ತು, ನೋಡಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದೆ. ಪ್ರಬಂಧದಲ್ಲಿ 'ಕೆಲವು ಸಂದರ್ಭಗಳಲ್ಲಿ' ಎಂದು ಎಚ್ಚರದಿಂದ ಬರೆದಿದ್ದೆ. ಫೇಸ್‌ಬುಕ್ಕಿಗೆ ಹಾಕುವಾಗ ಆ ಎರಡು ಪದ ಬಿಟ್ಟೆ. 'ಸವಳು ಭೂಮಿಗೆ ಮರುಜೀವ, ಒಂದು ಬಾಟಲಿ ಸಾಕು' ಎಂದು ಬರೆದು, ಹಸಿರು ಮಡಿಯಲ್ಲಿ ನಿಂತ ನನ್ನ ಫೋಟೋ ಹಾಕಿದೆ. ಆ ಸಾಲು ಯಾರೂ ಬರೆಸಿದ್ದಲ್ಲ, ನನ್ನದೇ.

ಅದು ಓಡಿತು. ಜರ್ನಲ್ಲಿನ ಜಾಲತಾಣದಲ್ಲಿ ಪ್ರಬಂಧದ ಪಕ್ಕ ಒಂದು ಬಣ್ಣದ ಬಳೆ, ಬಳೆಯ ನಡುವೆ ಒಂದು ಅಂಕಿ. ಎಷ್ಟು ಜನ ಎಲ್ಲೆಲ್ಲಿ ಈ ಪ್ರಬಂಧದ ಮಾತಾಡಿದರು ಎಂಬ ಲೆಕ್ಕ ಅದು. ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದೆ. ಅಪ್ಪ ಓಣಿಯವರಿಗೆಲ್ಲ ಫೋನು ಹಿಡಿದು ತೋರಿಸಿದರು. "ನಿಮ್ಮ ಹೆಸರು ಓಡ್ತಾ ಇದೆ ಕಣ್ರೀ ಮೇಡಂ! ಈ ಸಲ ಬಡ್ತಿ ನಿಮ್ದೇ," ಎಂದರು ಮುಖ್ಯಸ್ಥರು. ಸಂದರ್ಶನಕ್ಕೆ ಇನ್ನೆರಡು ತಿಂಗಳಿತ್ತು.

ಸರ್ ನನ್ನ ಹೊಲ ನೋಡಬೇಕು ಅಂದರು. ಹೆಮ್ಮೆಯಿಂದಲೇ ಕರೆದುಕೊಂಡು ಹೋದೆ. ಪೈರು ಕೊಯ್ದಾಗಿತ್ತು. ಚಪ್ಪಲಿ ಬಿಟ್ಟು ಇಳಿದರು, ಮಣ್ಣು ನಾಲಿಗೆಗೆ ಹಚ್ಚಿ ಉಗಿದರು. ಹಸಿರಾಗಿದ್ದ ಮಡಿಗಳ ಅಂಚಿಗೆ ಹೋಗಿ ನಿಂತು ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಚುಚ್ಚಿದರು. ಕೋಲು ಮೊಳದುದ್ದ ಒಳಗಿಳಿಯಿತು. ಮೆತ್ತಗಿನ ಮಣ್ಣಿನ ಒಂದು ಪಟ್ಟಿ ಮಡಿಯ ಉದ್ದಕ್ಕೂ ಹೋಗಿ ಹಳ್ಳಕ್ಕೆ ಸೇರಿತ್ತು. ಹೂಳು ತುಂಬಿದ ಬಸಿಗಾಲುವೆ.

"ಆಯಿ, ಇದು ಯಾರು ತೋಡಿದ್ದು?" ಎಂದು ಕೇಳಿದರು.

ಆಯಿ ಸೆರಗು ಸಿಗಿಸಿಕೊಂಡು ಮುಂದೆ ಬಂದಳು. "ನಾನೇರಿ, ಮತ್ತ್ಯಾರು! ಅಕ್ಕೋರು ಔಷಧ ಹಾಕಿ ಹೋದ್ರು. ನಮ್ಮ ಹೊಲ ಕೆಟ್ಟ ಹೊಲ. ನಂಬಿ ಬಂದ ಹೆಣ್ಣುಮಗಳ ಔಷಧ ನಮ್ಮ ಹೊಲ್ದಾಗ ಸೋಲಬಾರ್ದಲ್ರಿ? ಊರ ಮಂದಿ ನಗ್ತಾರ. ಅದಕ್ಕ ಔಷಧದ ಮಡಿಗಷ್ಟೇ ಸುತ್ತ ತೋಡಿ ನೀರು ಹಳ್ಳಕ್ಕ ಬಿಟ್ಟೆ. ನೀವೇ ಬರದೀರಲ್ರಿ ನಮ್ಮ ಗ್ವಾಡಿ ಮ್ಯಾಲ, ಮೊದಲ ನೀರು ಹೊರಗ ಅಂತ. ನನಗ ಓದಾಕ ಬರಂಗಿಲ್ಲ, ಆದ್ರ ಹೋಗೋ ಬರೋ ಮಂದಿ ಓದಿದ್ದು ಕೇಳಿ ಕೇಳಿ ಬಾಯಿಪಾಠ ಆಗ್ಯದ."

ಆ ತೋಡು ನನಗೂ ಕಂಡಿತ್ತು, ಹಳೆಯದೇನೋ ಎಂದುಕೊಂಡು ಕೇಳದೆ ಬಿಟ್ಟಿದ್ದೆ. ಮನೆಗೆ ಬಂದ ಬೀಗರಿಗೆ ಮರ್ಯಾದೆ ಮಾಡುವ ಹಾಗೆ ಆಕೆ ನನ್ನ ಪ್ರಯೋಗಕ್ಕೆ ಮರ್ಯಾದೆ ಮಾಡಿದ್ದಳು. ಪೈರು ಹಸಿರಾದದ್ದು ಆಕೆಯ ಗುದ್ದಲಿಯಿಂದ. ಗುದ್ದಲಿ ಎದ್ದದ್ದು ಸರ್ ಬರೆದ ಗೋಡೆಯಿಂದ. ನನ್ನ ಪ್ರಬಂಧದ ಕೊನೆಯಲ್ಲಿ ಎರಡು ಪುಟ ತುಂಬಾ ಉಲ್ಲೇಖಗಳಿದ್ದವು, ಮುಯ್ಯಿಯ ಹೆಸರುಗಳೆಲ್ಲ ಇದ್ದವು. ಈ ಇಬ್ಬರ ಹೆಸರು ಎಲ್ಲೂ ಇರಲಿಲ್ಲ.

ಆಯಿ ಮನೆಗೆ ಹೋದ ಮೇಲೆ ಸರ್ ಹೇಳಿದರು: "ತಪ್ಪು ಆಕಿದಲ್ಲ. ನೀ ಕೇಳಲಿಲ್ಲ. ಈಗ ಬರದು ಹೇಳು."

"ಎರಡೇ ತಿಂಗಳು ಸರ್. ಸಂದರ್ಶನ ಒಂದು ಮುಗೀಲಿ, ಆಮ್ಯಾಲ ಎಲ್ಲಾ ಬರೀತೀನಿ," ಎಂದೆ. ಅಪ್ಪನ ಮುಖ ಕಣ್ಣ ಮುಂದಿತ್ತು.

ಸರ್ ಕೋಲಿನ ತುದಿಯ ಮಣ್ಣು ಒರೆಸಿದರು. "ಸವಳು ಹಿಂಗೇ ಏರ್ತದ ತಂಗಿ. ಮೊದಲನೇ ವರ್ಷ ಒಂದು ಮೂಲ್ಯಾಗ ಚೂರು ಬೆಳ್ಳಗ ಕಾಣ್ತದ. ಮುಂದಿನ ವರ್ಷ ನೋಡಮು ಅಂತ ಬಿಡ್ತೀವಿ," ಎಂದು ಚಪ್ಪಲಿ ಹಾಕಿಕೊಂಡು ನಡೆದರು.

ನಾನು ಸುಮ್ಮನಿದ್ದೆ. ಒಂದು ತಿಂಗಳು ಸುಮ್ಮನಿದ್ದೆ. ಅಂಕಿ ಏರುತ್ತಿತ್ತು. ಈಗಲೂ ಅದನ್ನು ತೆಗೆದು ನೋಡುತ್ತಿದ್ದೆ, ನೋಡಿ ಫೋನನ್ನು ಬೋರಲು ಹಾಕುತ್ತಿದ್ದೆ.

ಆಮೇಲೊಂದು ದಿನ ಮುದನಾಳದ ಒಬ್ಬ ರೈತ ಕಚೇರಿಗೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಯಲ್ಲಿ ಫೋನು ಹಿಡಿದು ನಿಂತ. ಪರದೆಯ ಮೇಲೆ ನನ್ನ ಫೋಟೋ. "ಇವ್ರು ನೀವೇ ಅಲ್ರಿ ಅಕ್ಕೋರ?" ಎಂದ. ಹೌದು ಎಂದೆ. "ಇಂಥಾದ್ದೇ ಬಾಟ್ಲಿ ಯಾದಗಿರಿ ಅಂಗಡ್ಯಾಗ ಸಿಕ್ತುರಿ. ಔಷಧ ಅದಲ್ಲ, ಇನ್ನ ಬಸಿಗಾಲಿವಿ ಯಾಕ ಬೇಕು ಅಂತ ಅದನ್ನ ಮುಚ್ಚಿ, ಆ ಜಾಗಕ್ಕೂ ನಾಟಿ ಮಾಡಿದ್ನಿರಿ. ಪೂರಾ ಸುಟ್ಟು ಹೋಗ್ಯದ."

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ನಿಮಗ ಬೈಯಾಕ ಬಂದಿಲ್ರಿ. ನೀವು ಓದಿದವ್ರು. ಎಲ್ಲಿ ತಪ್ಪು ಮಾಡಿದ್ನಿ, ಮುಂದ ಏನ ಮಾಡ್ಲಿ, ಅಷ್ಟು ಹೇಳ್ರಿ," ಎಂದ. ತಾನೇ ತಪ್ಪು ಮಾಡಿದೆ ಎಂದು ನಂಬಿದ್ದ! ನಾನು ಹೊರಗೆ ಹೋಗಿ, ಕಚೇರಿಯ ಹಿಂದಿನ ಬೇವಿನ ಗಿಡದ ಕೆಳಗೆ ನಿಂತು ಸರ್‌ಗೆ ಫೋನು ಮಾಡಿದೆ. ಏನು ಹೇಳಿದೆನೋ, ಅತ್ತದ್ದೇ ಹೆಚ್ಚು. ಅವರು ಒಂದೇ ಮಾತು ಹೇಳಿದರು: "ಕೆಮ್ಮಣ್ಣು ನಾ ತರ್ತೀನಿ. ನೀ ಬಾ."

ಮರುದಿನ ಇಬ್ಬರೂ ಮುದನಾಳಕ್ಕೆ ಹೋದೆವು. ಆ ರೈತನ ಹೊಲದಲ್ಲಿ ಮುಚ್ಚಿದ ಕಾಲುವೆ ಎಲ್ಲಿತ್ತೆಂದು ನೋಡಿ, ಮತ್ತೆ ತೋಡಿಸಿ, ಮುಂದೆ ಹಸಿರುಗೊಬ್ಬರಕ್ಕೆ ಸೆಣಬು ಬಿತ್ತಿ ನೆಲಕ್ಕೇ ಉತ್ತಿಬಿಡಲು ಹೇಳಿದರು. ಊರ ಗೋಡೆಯ ಮುಂದೆ ನಿಂತಾಗ ಕುಂಚ ನನ್ನ ಕೈಗೆ ಕೊಟ್ಟರು. ಆ ವೇಳೆಗೆ ಅವರ ಕೈ ನಡುಗಲು ಶುರುವಾಗಿತ್ತು. ಆದರೆ ಕೊಟ್ಟದ್ದು ಅದಕ್ಕಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. 'ಒಂದು ಬಾಟಲಿ ಸಾಕು' ಎಂದು ಮೊದಲು ಬರೆಸಿದರು. ಫೇಸ್‌ಬುಕ್ಕಿನಲ್ಲಿ ಏನು ಬರೆದಿದ್ದೆನೋ ಅದನ್ನೇ, ಅಷ್ಟೇ ದೊಡ್ಡ ಅಕ್ಷರದಲ್ಲಿ. ಆಮೇಲೆ ಅದರ ಮೇಲೆ ಗೆರೆ ಎಳೆಸಿದರು. ಕೆಳಗೆ: 'ಇದು ತಪ್ಪು. ಪೈರು ಬಂದದ್ದು ಬಸಿಗಾಲುವೆಯಿಂದ. ಹೇಳಿದವಳು ನಾನು.' ಹೆಸರು ಬರೆಯುವಾಗ ಜನ ಸೇರಿದ್ದರು. ಒಬ್ಬ ಮುದುಕ ಗಟ್ಟಿಯಾಗಿ ಓದಿ, "ಶಾಣ್ಯಾರು ಅಂದ್ರ ಇವ್ರೇ ಏನು?" ಎಂದ. ಎಲ್ಲರೂ ನಕ್ಕರು. ಸರ್ ನಗಲಿಲ್ಲ, ಬೈಯುವವರನ್ನು ತಡೆಯಲೂ ಇಲ್ಲ. ಏಳು ಊರಲ್ಲಿ ಹೀಗೇ ಬರೆದೆ. ಕೊನೆಯದು ಕೊಂಕಲ್. ಅಲ್ಲಿ ಆಯಿ, "ನನ್ನಿಂದ ಹಿಂಗಾಯ್ತಲ್ಲ ತಾಯಿ," ಎಂದು ಕಣ್ಣೊರೆಸಿಕೊಂಡಾಗ ಸರ್ ಗದರಿದರು: "ನೀ ಸುಮ್ಕಿರು. ಇಡೀ ಪ್ರಯೋಗ್ದಾಗ ಖರೇ ಕೆಲಸ ಮಾಡಿದಾಕಿ ನೀ ಒಬ್ಬಾಕಿ."

ಜರ್ನಲ್ಲಿಗೂ ಬರೆದೆ, ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು. ಫೇಸ್‌ಬುಕ್ಕಿನಲ್ಲೂ ಹಾಕಿದೆ. ಬೆಳಿಗ್ಗೆ ಹತ್ತರ ಅಪ್ಪಣೆ ಅದಕ್ಕೆ ಬರಲಿಲ್ಲ, ಒಬ್ಬ ಸಹೋದ್ಯೋಗಿಯೂ ಲೈಕ್ ಒತ್ತಲಿಲ್ಲ. ಹಸಿರು ಮಡಿಯ ಫೋಟೋವನ್ನು ಮಾತ್ರ ಎಲ್ಲೋ ಯಾರೋ ಇನ್ನೂ ಹಂಚುತ್ತಲೇ ಇದ್ದರು. ಮುಖ್ಯಸ್ಥರು ಕರೆಸಿ ಕೂಗಾಡಿದರು. "ನಿಮಗೇನ್ರೀ ಬಂದಿತ್ತು ರೋಗ? ಯಾರು ಕೇಳಿದ್ರು? ಯಾರೂ ಓದಲ್ಲ ಅದನ್ನ!" ಯಾರೂ ಓದುವುದಿಲ್ಲ ಎಂದು ಅವರ ಬಾಯಿಂದಲೇ ಬಂತು ನೋಡಿ. ಬಡ್ತಿ ಹೋಯಿತು. ಅಪ್ಪನಿಗೆ ಹೇಳಿದಾಗ ಅವರು ಬುದ್ಧನ ಚಿತ್ರದ ಕಡೆಗೊಮ್ಮೆ ನೋಡಿ, "ಗೋಡಿ ಮ್ಯಾಲ ನಿನ್ನ ಹೆಸರು ಹಾಕಿದೇನು?" ಎಂದರು. ಹಾಕಿದೆ ಎಂದೆ. "ಹಂಗಾರ ಊಟ ಮಾಡು ಬಾ," ಎಂದರು.

ಅಸಹ್ಯದ ಕೊನೆ ಮೆಟ್ಟಿಲು ಇನ್ನೂ ಬಾಕಿ ಇತ್ತು. ಪ್ರಬಂಧ ಹಿಂದೆ ಪಡೆದ ಸುದ್ದಿಯನ್ನು ಬೇರೆ ಊರುಗಳ ವಿಜ್ಞಾನಿಗಳು ಹಿಡಿದುಕೊಂಡು ಬೈದರು, ಛೇಡಿಸಿದರು, ಹಂಚಿದರು. ಆ ಬಣ್ಣದ ಬಳೆಗೆ ಹೊಗಳಿಕೆ ಯಾವುದು, ಉಗುಳು ಯಾವುದು ಎಂಬ ಭೇದವಿಲ್ಲ. ಮಾತಾಡಿದರೆ ಸಾಕು, ಲೆಕ್ಕ. ಅಂಕಿ ಮೊದಲಿಗಿಂತ ಜಾಸ್ತಿಯಾಯಿತು. ವರ್ಷದ ಕೊನೆಗೆ ಸಂಸ್ಥೆಯ ವರದಿ ಬಂತು. 'ಈ ವರ್ಷ ಅತಿ ಹೆಚ್ಚು ಪ್ರಭಾವ ಬೀರಿದ ಸಂಶೋಧನೆ' ಎಂಬ ಸಾಲಿನ ಕೆಳಗೆ ನನ್ನದೇ ಪ್ರಬಂಧ! ಹಿಂದಕ್ಕೆ ಪಡೆದದ್ದರ ಸುದ್ದಿಯೇ ಇಲ್ಲ. ಮುಖ್ಯಸ್ಥರು ನಗುತ್ತಾ ಕೈ ಕುಲುಕಿದರು. "ಆದದ್ದೆಲ್ಲ ಒಳ್ಳೇದಕ್ಕೇ ಕಣ್ರೀ." ಮನೆಗೆ ಬಂದು ಆ ಕೈಯನ್ನು ಎರಡು ಸಲ ತೊಳೆದೆ.

ಆ ವರದಿಯನ್ನು ಸುರಪುರಕ್ಕೆ ಒಯ್ದು ಸರ್‌ಗೆ ಓದಿ ಹೇಳಿದೆ. ಆಗಲೇ ಹಾಸಿಗೆ ಹಿಡಿದಿದ್ದರು. ನಗುತ್ತಾರೆ ಎಂದುಕೊಂಡಿದ್ದೆ. ದಿಂಬಿಗೆ ಒರಗಿ ಕೂತು, ಮಣ್ಣು ನೆಕ್ಕಿದ ಮೇಲೆ ಉಗಿಯುತ್ತಿದ್ದರಲ್ಲ, ಹಾಗೇ ಪಕ್ಕದ ಪೀಕದಾನಿಗೆ ಉಗಿದರು. "ಮಣ್ಣಿಗಾದ್ರೂ ಒಂದು ರುಚಿ ಇರ್ತದ," ಎಂದರು. ಆಮೇಲೆ, "ಮುದನಾಳದಾವ ಸೆಣಬು ಬಿತ್ತ್ಯಾನೇನು?" ಎಂದು ಕೇಳಿದರು. ಬಿತ್ತಿದ್ದಾನೆ, ಮೊಣಕಾಲೆತ್ತರ ಬಂದಿದೆ ಎಂದೆ. ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದರು. ಅವರ ಜೊತೆ ನಾನು ಆಡಿದ ಕೊನೆಯ ಮಾತು ಅದೇ.

ಬಿಳಿಜೋಳದ ಎಳೆತೆನೆ ಸುಟ್ಟು ತಿನ್ನುವ ಸೀತನಿಗೆ ಬಂದ ಹೊತ್ತಲ್ಲಿ ಅವರು ತೀರಿಕೊಂಡರು. ಅಂತ್ಯಕ್ರಿಯೆಗೆ ಮುಖ್ಯಸ್ಥರು ಕಾರಲ್ಲಿ ಬಂದು, ಹಾರ ಹಾಕಿ, ಹಾರ ಹಾಕುವುದನ್ನು ಎರಡು ಸಲ ಫೋಟೋ ತೆಗೆಸಿಕೊಂಡರು. ಮೊದಲನೆಯದರಲ್ಲಿ ಮುಖ್ಯಸ್ಥರ ಕಣ್ಣು ಮುಚ್ಚಿತ್ತಂತೆ. ಹತ್ತಕ್ಕೆ ಸರಿಯಾಗಿ ಗುಂಪಿನಲ್ಲಿ ಅಪ್ಪಣೆ ಬಂತು: 'ಮಣ್ಣಿನ ಋಷಿಗೆ ನಮನ, ಎಲ್ಲರೂ ಹಂಚಿ.' ಜೀವನವಿಡೀ ಸೊನ್ನೆ ಇದ್ದ ಮನುಷ್ಯನ ಹೆಸರಲ್ಲಿ ಆ ದಿನ ಇವರು ಗಳಿಸಿದ್ದೇ ಗಳಿಸಿದ್ದು. ಹೆಣದ ಮುಂದೆ ನಿಂತು ಲೈಕ್ ಎಣಿಸುವವರನ್ನು ನಾನು ನನ್ನ ಕಣ್ಣಾರೆ ನೋಡಿದೆ. ಸ್ಮಶಾನದಿಂದ ಬರುವ ದಾರಿಯಲ್ಲೇ ಆ ಗುಂಪಿನಿಂದ ಹೊರಬಿದ್ದೆ. ಯಾಕೆ ಎಂದು ಒಬ್ಬರೂ ಕೇಳಲಿಲ್ಲ.

ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಗಂಟುಗಳ ಹಗ್ಗವನ್ನೂ ಕಬ್ಬಿಣದ ಗುಂಡನ್ನೂ ಕೈಗಿಟ್ಟರು. "ಇದು ನಿನಗಂತ. ಹೋಗೋಕಿಂತ ಮೊದಲ ಹೇಳ್ಯಾರ," ಎಂದರು. ತಂದು ಅಟ್ಟದ ಮೇಲಿಟ್ಟೆ. ಅದನ್ನು ಹಿಡಿಯುವ ಯೋಗ್ಯತೆ ನನಗಿಲ್ಲ ಎಂದು ಖರೇನೇ ಅನಿಸಿತ್ತು. ಏಳು ಊರಿನ ಗೋಡೆಯ ಮೇಲೆ ಸುಳ್ಳುಗಾತಿ ಎಂದು ಸಹಿ ಹಾಕಿದವಳು ಮತ್ತೆ ಯಾವ ಮುಖದಿಂದ ಬರೆಯಲಿ?

ಮಿರಗಕ್ಕೆ ಹದಿನೈದು ದಿನ ಇರುವಾಗ ಕೊಂಕಲ್‌ನಿಂದ ಫೋನು ಬಂತು. ಆಯಿ, ಬೇರೆ ಯಾರದೋ ಫೋನಿಂದ. "ಅಕ್ಕೋರ, ಈ ವರ್ಷ ಯಾಕ ಇನ್ನ ಬಂದಿಲ್ರಿ?" ಎಂದಳು.

"ಸರ್ ಹೋದ್ರಲ್ಲ ಆಯಿ."

"ಸರ್ ಹೋದ್ರು ಅಂತ ನೀರು ನಿಂತದೇನ್ರಿ? ಮಂದಿ ಗ್ವಾಡಿ ನೋಡಿ ನೋಡಿ ಹೊಂಟಾರ. ಬರ್ರಿ."

ಹೋದೆ. ಯುಗಾದಿಗೆ ಆಕೆ ಮನೆಗೆಲ್ಲ ಸುಣ್ಣ ಬಳಿಸಿದ್ದಳು. ದಾರಿಯ ಕಡೆಯ ಗೋಡೆಯಲ್ಲಿ ಮಾತ್ರ ಬರಹಗಳನ್ನು ಬಿಟ್ಟು ಸುತ್ತ ಬಳಿದಿದ್ದರು. ಬೆಳ್ಳನೆಯ ಗೋಡೆಯ ನಡುವೆ ಸರ್ ಬರೆದ ಸಾಲುಗಳು, ಅವರ ಜಿಪ್ಸಮ್ಮಿನ ತಪ್ಪು, ಅದರ ಪಕ್ಕ ನನ್ನ ಗೆರೆ ಎಳೆದ ಬಾಟಲಿ. ಬಾವಿಗೆ ಹಗ್ಗ ಇಳಿಸಿ ಗಂಟು ಎಣಿಸಿದೆ. ಹೊಲಕ್ಕೆ ಹೋಗಿ ಚಪ್ಪಲಿ ಬಿಟ್ಟೆ. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿದೆ. ಉಪ್ಪೋ ಸೋಡಾವೋ ಪೂರ್ತಿ ತಿಳಿಯಲಿಲ್ಲ. ತಿಳಿಯಲಿಲ್ಲವಾದ್ದರಿಂದ ಪೊಟ್ಟಣ ಕಟ್ಟಿ ಯಂತ್ರಕ್ಕೆಂದು ಚೀಲಕ್ಕೆ ಹಾಕಿಕೊಂಡೆ.

ಗೋಡೆಯ ಮುಂದೆ ನಿಂತಾಗ ಐದಾರು ಜನ ಸೇರಿದ್ದರು. ನೀರಿನ ಮಟ್ಟ ಬರೆದೆ. ಮಣ್ಣಿನ ಮಾತನ್ನು ಯಂತ್ರದಲ್ಲಿ ನೋಡಿ ಬಂದು ಬರೆಯುತ್ತೇನೆ ಎಂದು ಬರೆದೆ. ಸಹಿಗೆ ಕುಂಚ ಎತ್ತಿದಾಗ ನಾನು ಗೋಡೆಯ ತೀರಾ ಬುಡಕ್ಕೆ ಬಂದಿದ್ದೆ. ಹಿಂದಿನಿಂದ ಆಯಿ ನನ್ನ ಮೊಣಕೈ ಹಿಡಿದು ಮೇಲಕ್ಕೆ ಸರಿಸಿದಳು.

"ಇನ್ನ ಸ್ವಲ್ಪ ಮ್ಯಾಲ ಬರೀರಿ ಅಕ್ಕೋರ. ಕೆಳಗ ಒಂದು ಗೇಣು ಬಿಡ್ರಿ."